ಹನ್ನೊಂದು ಬಟನ್, ಹೆಸರು ಒಂದಕ್ಕೂ ಇಲ್ಲ: ಎಲ್ಲರಿಗೂ ನಿಲುಕುವ ವೆಬ್‌ಸೈಟ್ ಎಂದರೇನು?

ಬ್ರಹ್ಮಾವರದಲ್ಲಿರುವ ನನ್ನ ಸೋದರಮಾವನಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿ ಆರು ವರ್ಷವಾಯಿತು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಈಗ ಫೋನಿನಲ್ಲಿ ಟಾಕ್‌ಬ್ಯಾಕ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಹಾಕಿಕೊಂಡು ವಾಟ್ಸ್ಆ್ಯಪ್ ಕೇಳುತ್ತಾರೆ, ಪೇಪರ್ ಕೇಳುತ್ತಾರೆ, ಕರೆಂಟ್ ಬಿಲ್ಲನ್ನೂ ಅವರೇ ಕಟ್ಟುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಕೂತಾಗ ನಾನು ಜಗಲಿಯಲ್ಲಿ ಅವರ ಪಕ್ಕದಲ್ಲೇ ಇದ್ದೆ. ಬೆರಳನ್ನು ಬಲಕ್ಕೆ ಸರಿಸಿದರು. 'ಅನ್‌ಲೇಬಲ್ಡ್, ಬಟನ್' ಎಂದಿತು ಫೋನು. ಮತ್ತೆ ಸರಿಸಿದರು. 'ಅನ್‌ಲೇಬಲ್ಡ್, ಬಟನ್.' ಹೀಗೆ ಹನ್ನೊಂದು ಸಲ.

'ಇದೆಂತ ಮಾರಾಯ್ತಿ! ಮನೆ ತುಂಬ ಬಾಗಿಲೇ ಉಂಟು, ಯಾವುದು ಎಲ್ಲಿಗೆ ಅಂತ ಮಾತ್ರ ಗೊತ್ತಾಗುವುದಿಲ್ಲ' ಎಂದರು ಮಾವ.

ನಾನು ಮಂಗಳೂರಿನಲ್ಲಿ ವೆಬ್‌ಸೈಟ್ ವಿನ್ಯಾಸದ ಕೆಲಸದಲ್ಲಿರುವವಳು. ಕಣ್ಣಿಂದ ನೋಡಿದರೆ ಆ ಪುಟಕ್ಕೆ ಏನೂ ಕೊರತೆ ಇರಲಿಲ್ಲ. ಅಚ್ಚುಕಟ್ಟಾದ ಕ್ಯಾಲೆಂಡರ್, ಎರಡು ಬದಿಗೆ ಬಾಣ, ಹಿತವಾದ ಬಣ್ಣ. ಬಲಬದಿಯ ಬಾಣ ಎಂದರೆ 'ಮುಂದಿನ ತಿಂಗಳು' ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾವನಿಗೆ ಅದನ್ನು ಹೇಳುವ ಒಂದು ಅಕ್ಷರವೂ ಆ ಪುಟದ ಒಳಗೆ ಇರಲಿಲ್ಲ. ನಾವು ವಿನ್ಯಾಸಕರು ಕೆಲಸ ಮುಗಿಯಿತು ಎಂದು ಕೈತೊಳೆದುಕೊಳ್ಳುವ ಜಾಗದಲ್ಲಿ ಎಷ್ಟು ಕೆಲಸ ಬಾಕಿ ಇರುತ್ತದೆ ಎಂದು ಅವತ್ತು ಕಿವಿಯಾರೆ ಕೇಳಿದೆ.

ಯೂಸರ್ ಎಕ್ಸ್‌ಪೀರಿಯನ್ಸ್, ಚಿಕ್ಕದಾಗಿ ಯುಎಕ್ಸ್, ಎಂಬ ಮಾತು ಬಳಕೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ಆಗ ಆಪಲ್ ಕಂಪನಿಯಲ್ಲಿದ್ದ ಡಾನ್ ನಾರ್ಮನ್ ತಮ್ಮ ಹುದ್ದೆಯ ಹೆಸರಿಗೇ ಅದನ್ನು ಸೇರಿಸಿಕೊಂಡಿದ್ದರು. ಪರದೆಯ ಚಂದ ಅದರಲ್ಲಿ ಒಂದು ಪಾಲು ಮಾತ್ರ. ಒಂದು ಕೆಲಸ ಹಿಡಿದು ಬಂದವನು ಅದನ್ನು ಮುಗಿಸಿ ಹೊರಡುವ ತನಕ ಪಡುವ ಸುಖದುಃಖವೆಲ್ಲ ಯುಎಕ್ಸ್. ಆ್ಯಕ್ಸೆಸಿಬಿಲಿಟಿ ಎಂಬುದು ಅದರ ಜತೆಗೇ ಬರುವ ಪ್ರಶ್ನೆ: ಆ ಕೆಲಸ ಯಾರ್ಯಾರ ಕೈಯಲ್ಲಿ ಆಗುತ್ತದೆ? ಕನ್ನಡದಲ್ಲಿ ಇದಕ್ಕೆ 'ಸುಗಮ್ಯತೆ' ಎಂಬ ಪದ ಓಡಾಡುತ್ತಿದೆ. ನನಗೆ ಅದಕ್ಕಿಂತ ನಮ್ಮ 'ನಿಲುಕು' ಇಷ್ಟ. ಅಟ್ಟದ ಮೇಲಿನ ಡಬ್ಬಿ ಅಮ್ಮನಿಗೆ ನಿಲುಕುತ್ತದೆ, ಅಜ್ಜಿಗೆ ನಿಲುಕುವುದಿಲ್ಲ. ಡಬ್ಬಿಯನ್ನು ಎಲ್ಲಿ ಇಡಬೇಕು ಎಂದು ನಿರ್ಧರಿಸಿದವರು ಯಾರು ಎಂಬುದೇ ವಿಷಯ.

ಒಂದೇ ವಿಳಾಸದಲ್ಲಿ ಎರಡು ಪುಟ

ಬ್ರೌಸರ್ ಒಂದು ಪುಟವನ್ನು ತೆರೆದಾಗ ಅದನ್ನು ಎರಡು ರೀತಿಯಲ್ಲಿ ಕಟ್ಟುತ್ತದೆ. ಒಂದು ನಮ್ಮ ಕಣ್ಣಿಗೆ ಬೀಳುವ ಚಿತ್ರ. ಇನ್ನೊಂದು ತೆರೆಮರೆಯಲ್ಲಿರುವ ಪಟ್ಟಿ, ಅದಕ್ಕೆ ಆ್ಯಕ್ಸೆಸಿಬಿಲಿಟಿ ಟ್ರೀ ಎನ್ನುತ್ತಾರೆ. ಪುಟದ ಮೇಲಿರುವ ಪ್ರತಿ ವಸ್ತುವಿನ ಬಗ್ಗೆ ಆ ಪಟ್ಟಿಯಲ್ಲಿ ಮುಖ್ಯವಾಗಿ ಮೂರು ಮಾತು ಇರಬೇಕು: ಅದರ ಹೆಸರೇನು, ಅದು ಏನು ಕೆಲಸದ್ದು, ಈಗ ಯಾವ ಸ್ಥಿತಿಯಲ್ಲಿದೆ. 'ಊಟಕ್ಕೆ ಮುಂಚೆ, ಚೆಕ್‌ಬಾಕ್ಸ್, ಗುರುತು ಹಾಕಿಲ್ಲ' ಎಂದು ಸ್ಕ್ರೀನ್ ರೀಡರ್ ಹೇಳಿದರೆ ಆ ಮೂರೂ ಸಿಕ್ಕಿದಂತೆ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ, ಎಲ್ಲವೂ ಓದುವುದು ಮುಖ್ಯವಾಗಿ ಈ ಪಟ್ಟಿಯನ್ನೇ. ಚಿತ್ರ ಎಷ್ಟು ಚಂದ ಇದೆ ಎಂಬುದು ಅವಕ್ಕೆ ಬೇಕಾಗಿಲ್ಲ.

ಮಾವನ ಪುಟದಲ್ಲಿ 'ಬಟನ್' ಎಂಬುದಾದರೂ ಇತ್ತು, ಹೆಸರು ಇರಲಿಲ್ಲ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಕೆಲವರು ಬಟನ್ ಎಂಬ ಸಿದ್ಧ ವಸ್ತುವನ್ನು ಬಿಟ್ಟು, ಡಿವ್ ಎಂಬ ಖಾಲಿ ಪೆಟ್ಟಿಗೆಗೆ ಬಣ್ಣ ಬಳಿದು, ಮೂಲೆ ಉರುಟು ಮಾಡಿ, ಬಟನಿನ ವೇಷ ಹಾಕುತ್ತಾರೆ. ಕಣ್ಣಿಗೆ ಬಟನ್, ಪಟ್ಟಿಯಲ್ಲಿ ಏನೂ ಅಲ್ಲ. ಕೀಬೋರ್ಡಿನ ಟ್ಯಾಬ್ ಒತ್ತುತ್ತಾ ಹೋದರೆ ಕರ್ಸರ್ ಅದನ್ನು ದಾಟಿ ಹೋಗಿಬಿಡುತ್ತದೆ. ಕೈ ನಡುಗುವುದರಿಂದ ಮೌಸ್ ಹಿಡಿಯಲಾಗದೆ ಕೀಬೋರ್ಡನ್ನೇ ನಂಬಿದವರಿಗೆ ಆ ಬಟನ್ ಈ ಭೂಮಿಯ ಮೇಲೇ ಇಲ್ಲ. ಬಟನ್ ಎಂಬ ಟ್ಯಾಗನ್ನೇ ಬಳಸಿ, ಒಳಗೆ 'ಮುಂದಿನ ತಿಂಗಳು' ಎಂದು ಬರೆದರೆ ಸಾಕಾಗುತ್ತದೆ. ಬಾಣದ ಚಿತ್ರ ಮಾತ್ರ ಕಾಣಬೇಕು ಎಂದಿದ್ದರೆ ಏರಿಯಾ-ಲೇಬಲ್ (aria-label) ಎಂಬ ಗುಣಕ್ಕೆ ಅದೇ ಎರಡು ಪದ ಕೊಟ್ಟರೆ ಆಯಿತು. ಹನ್ನೊಂದು ಬಟನಿಗೂ ಸೇರಿ ಅರ್ಧ ಗಂಟೆಯ ಕೆಲಸ.

ಕಣ್ಣು ಕಾಣುವವರು ಪೇಪರನ್ನು ಹೇಗೆ ಓದುತ್ತಾರೆ? ತಲೆಬರಹಗಳ ಮೇಲೆ ಕಣ್ಣಾಡಿಸಿ ಬೇಕಾದಲ್ಲಿ ನಿಲ್ಲುತ್ತಾರೆ. ಸ್ಕ್ರೀನ್ ರೀಡರಿನಲ್ಲೂ ಅದು ಸಾಧ್ಯ. ಎನ್‌ವಿಡಿಎಯಲ್ಲಿ ಎಚ್ ಅಕ್ಷರ ಒತ್ತಿದರೆ ಒಂದು ಹೆಡಿಂಗಿನಿಂದ ಇನ್ನೊಂದಕ್ಕೆ ಹಾರಬಹುದು. ಆದರೆ ಹೆಡಿಂಗ್ ಎಂದು ಕೋಡಿನಲ್ಲಿ ಹೇಳಿರಬೇಕು. ಅಕ್ಷರ ದಪ್ಪ ಮಾಡಿಬಿಟ್ಟರೆ ಅದು ಹೆಡಿಂಗ್ ಆಗುವುದಿಲ್ಲ. ಲಿಂಕುಗಳದ್ದೂ ಇದೇ ಕಥೆ. ಪುಟದ ಲಿಂಕುಗಳನ್ನೆಲ್ಲ ಒಂದೇ ಪಟ್ಟಿಯಾಗಿ ಕೇಳುವ ಸೌಲಭ್ಯವಿದೆ. ನೀವು ಎಲ್ಲ ಕಡೆ 'ಇಲ್ಲಿ ಕ್ಲಿಕ್ ಮಾಡಿ' ಎಂದು ಬರೆದಿದ್ದರೆ ಕೇಳುಗನಿಗೆ ಸಿಗುವುದು ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ. 'ಪ್ರವೇಶ ಅರ್ಜಿ ಡೌನ್‌ಲೋಡ್ ಮಾಡಿ' ಎಂದು ಬರೆಯಲು ಎಷ್ಟು ಹೊತ್ತು ಬೇಕು?

ಚಿತ್ರಗಳ ವಿಷಯಕ್ಕೆ ಬಂದರೆ ಕರಾವಳಿಯ ನಾವೆಲ್ಲರೂ ಸ್ವಲ್ಪ ಯೋಚಿಸಬೇಕು. ನಮ್ಮಲ್ಲಿ ಬ್ರಹ್ಮಕಲಶ, ನೇಮ, ಯಕ್ಷಗಾನ, ರಕ್ತದಾನ ಶಿಬಿರ, ಮದುವೆಯ ಕಾಗದ, ಎಲ್ಲವೂ ಪೋಸ್ಟರಿನ ಫೋಟೋ ಆಗಿಯೇ ಬರುತ್ತವೆ. ದಿನ, ಗಂಟೆ, ಜಾಗ ಎಲ್ಲ ಚಿತ್ರದೊಳಗೆ ಅಚ್ಚಾಗಿರುತ್ತದೆ. ಅದನ್ನು ಹಾಗೆಯೇ ವೆಬ್‌ಸೈಟಿಗೆ ಹಾಕಿದಾಗ ಮಾವನಿಗೆ ಕೇಳುವುದು ಬರೀ ಫೈಲಿನ ಹೆಸರು: 'ಐಎಂಜಿ ಅಂಡರ್‌ಸ್ಕೋರ್ 0047'. ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ ಎಂಬ ಒಂದು ಸಾಲಿನ ಜಾಗವಿರುತ್ತದೆ. ಅಲ್ಲಿ 'ಯಕ್ಷಗಾನದ ಪೋಸ್ಟರ್' ಎಂದು ತುಂಬಿದರೆ ತುಂಬಿದ ಹಾಗೂ ಆಯಿತು, ಪ್ರಯೋಜನವೂ ಆಗಲಿಲ್ಲ. 'ಶನಿವಾರ ಸಂಜೆ 7ಕ್ಕೆ ಶಾಲೆಯ ಮೈದಾನದಲ್ಲಿ ಕಾಲಮಿತಿ ಯಕ್ಷಗಾನ, ಪ್ರವೇಶ ಉಚಿತ' ಎಂದು ಬರೆದರೆ ಮಾವ ಅಂಗಿ ಹಾಕಿಕೊಂಡು ಹೊರಡುತ್ತಾರೆ. ಚಿತ್ರವನ್ನು ವರ್ಣಿಸುವುದು ಆಲ್ಟ್ ಪಠ್ಯದ ಕೆಲಸ ಅಲ್ಲ. ನೋಡಿದವನಿಗೆ ಆ ಚಿತ್ರದಿಂದ ಏನು ಸಿಕ್ಕಿತೋ ಅದನ್ನು ನೋಡದವನಿಗೂ ಕೊಡುವುದು. ಅಂಚಿನ ಹೂಬಳ್ಳಿಯಂಥ ಬರೀ ಅಲಂಕಾರದ ಚಿತ್ರವಾದರೆ ಆಲ್ಟ್ ಜಾಗವನ್ನು ಬೇಕೆಂದೇ ಖಾಲಿ ಇಡಬೇಕು, ಆಗ ಸ್ಕ್ರೀನ್ ರೀಡರ್ ಸುಮ್ಮನೆ ಮುಂದೆ ಹೋಗುತ್ತದೆ.

ಕನ್ನಡಕ್ಕೇ ಸೇರಿದ ತೊಡಕುಗಳು

ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯೂನಿಕೋಡ್ ವ್ಯಾಪಕವಾಗುವ ಮೊದಲು ನಾವು ಕನ್ನಡವನ್ನು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದೆವು. ಅಲ್ಲಿ ಕಂಪ್ಯೂಟರಿನ ಲೆಕ್ಕದಲ್ಲಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ಫಾಂಟು ಅವುಗಳ ಮೇಲೆ ಕನ್ನಡದ ಮುಖವಾಡ ಹಾಕುತ್ತಿತ್ತು. ಹಳೆಯ ನುಡಿಯಲ್ಲಿ 'ಕನ್ನಡ' ಎಂಬ ಪದದ ಒಳಗೆ ಇರುವುದು ಏನು ಗೊತ್ತೇ? ಒಂದು ಪಿ, ನೆತ್ತಿಯ ಮೇಲೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ನಿನ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಎ. ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ಇಂಥ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಸುತ್ತೋಲೆಗಳು ಈಗಲೂ ಓಡಾಡುತ್ತಿವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಕಥೆ ಅಲ್ಲಿಗೇ ಮುಗಿಯಿತು, ಅದು ಬರೀ ಫೋಟೋ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ, ಹುಡುಕಿದರೆ ಸಿಗುತ್ತದೆ, ಓದಿಸಿದರೆ ಓದುತ್ತದೆ.

ಎರಡನೆಯದು ಪುಟದ ಭಾಷೆ ಹೇಳುವುದು. ಕೋಡಿನ ಆರಂಭದಲ್ಲಿ ಲ್ಯಾಂಗ್ ಎಂಬಲ್ಲಿ ಕನ್ನಡದ ಸಂಕೇತವಾದ ಕೆಎನ್ ಎಂದು ಬರೆಯಬೇಕು. ಬರೆಯದಿದ್ದರೆ ಅಥವಾ ಇಂಗ್ಲಿಷ್ ಎಂದು ಬರೆದಿದ್ದರೆ, ಕೆಲವು ಸ್ಕ್ರೀನ್ ರೀಡರ್‌ಗಳು ಇಂಗ್ಲಿಷ್ ಧ್ವನಿಯನ್ನೇ ಹಿಡಿದು ಕೂತು ಕನ್ನಡವನ್ನು ನುಂಗಿಬಿಡುತ್ತವೆ. ತುಳುವಿಗೆ ಬೇರೆ ಸಂಕೇತವಿದೆ, ಟಿಸಿವೈ. ತುಳುವಿನ ಹಳೆಯ ಲಿಪಿ ತುಳು-ತಿಗಳಾರಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರೊಳಗೆ ಸೇರಿತು. ನಮ್ಮ ಜಿಲ್ಲೆಗಳಿಗೆ ಅದು ಸಣ್ಣ ಸಂಗತಿ ಅಲ್ಲ.

ಮೂರನೆಯದು ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಅಳತೆಗೆ ಬಟನಿನ ಎತ್ತರ ಬಿಗಿ ಮಾಡಿದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ, 'ಆಸ್ಪತ್ರೆ' ಎಂಬುದು 'ಆಸತೆ' ಆಗುತ್ತದೆ. ಸಾಲುಗಳ ನಡುವೆ ಜಾಗ ಬಿಡಿ, ಎತ್ತರವನ್ನು ಅಕ್ಷರವೇ ನಿರ್ಧರಿಸಲಿ.

ಇಷ್ಟು ದೂರು ಹೇಳಿದ ಮೇಲೆ ನಮ್ಮೂರಿನವರೇ ಮಾಡಿದ ಒಂದು ಒಳ್ಳೆಯ ವಿನ್ಯಾಸವನ್ನೂ ಹೇಳಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಬರೆಯುವ ಆಕಾರವನ್ನು ಬಿಟ್ಟು, ಬಾಯಲ್ಲಿ ಆಡುವ ಕ್ರಮದಲ್ಲೇ ವ್ಯಂಜನ, ಆಮೇಲೆ ಸ್ವರ. ಕನ್ನಡ ಬಲ್ಲವನ ತಲೆಯಲ್ಲಿ ಕಾಗುಣಿತ ಹೇಗೆ ಕೂತಿದೆಯೋ ಕೀಲಿಯೂ ಹಾಗೆಯೇ ನಡೆಯುತ್ತದೆ. ಯುಎಕ್ಸ್‌ನವರು ಇದಕ್ಕೆ ಮೆಂಟಲ್ ಮಾಡೆಲ್ ಎನ್ನುತ್ತಾರೆ: ಬಳಸುವವನ ಮನಸ್ಸಿನಲ್ಲಿ ಆಗಲೇ ಇರುವ ನಕ್ಷೆ. ಒಳ್ಳೆಯ ವಿನ್ಯಾಸ ಆ ನಕ್ಷೆಯ ಮೇಲೆ ನಡೆಯುತ್ತದೆ, ಹೊಸ ನಕ್ಷೆಯನ್ನು ಬಾಯಿಪಾಠ ಮಾಡಿಸುವುದಿಲ್ಲ.

ಬಸ್ಸು ಕಲಿಸುವ ಪಾಠ

ಮಂಗಳೂರಿನ ಸಿಟಿ ಬಸ್ಸನ್ನು ನೋಡಿ. ಮುಂದೆ ನಂಬರು, ಬೋರ್ಡಿನಲ್ಲಿ ಊರಿನ ಹೆಸರು, ಬಾಗಿಲಲ್ಲಿ ನೇತಾಡುತ್ತಾ ಕಂಡಕ್ಟರ್ 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದು ಕೂಗು. ಒಂದೇ ಮಾಹಿತಿ ಮೂರು ದಾರಿಯಲ್ಲಿ. ಓದು ಬಾರದವರಿಗೆ ನಂಬರು, ಊರಿಗೆ ಹೊಸಬರಿಗೆ ಹೆಸರು, ಕಣ್ಣು ಕಾಣದವರಿಗೆ ಕೂಗು. ಜನ ಹತ್ತಿದ ಮೇಲೆ 'ರೈಟ್ ಪೋಯಿ' ಎಂದಾಗ ಡ್ರೈವರಿಗೂ ಗೊತ್ತಾಗುತ್ತದೆ, ಒಳಗಿದ್ದವರು ಕಂಬಿ ಹಿಡಿಯುತ್ತಾರೆ. ಆದ ಕೆಲಸ ಆಯಿತೆಂದು ತಕ್ಷಣ ತಿಳಿಸುವುದಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. 'ಹಣ ಪಾವತಿಸಿ' ಒತ್ತಿದ ಮೇಲೆ ಪರದೆ ಸುಮ್ಮನಿದ್ದರೆ ನಾವು ಇನ್ನೊಮ್ಮೆ ಒತ್ತುತ್ತೇವೆ, ಎರಡು ಸಲ ದುಡ್ಡು ಹೋಗುತ್ತದೆ. ಪರದೆಯಲ್ಲಿ ಚಕ್ರ ತಿರುಗುತ್ತಿದ್ದರೂ ಮಾವನಿಗೆ ಅದು ಕಾಣುವುದಿಲ್ಲ. ಅದಕ್ಕಾಗಿ ಲೈವ್ ರೀಜನ್ ಎಂಬ ವ್ಯವಸ್ಥೆ ಇದೆ. ಅಲ್ಲಿ ಬರೆದ ಬದಲಾವಣೆಯನ್ನು ಸ್ಕ್ರೀನ್ ರೀಡರ್ ತಾನಾಗಿ ಓದಿ ಹೇಳುತ್ತದೆ.

ಅದೇ ಬಸ್ಸಿನ ಇನ್ನೊಂದು ಮುಖ: ಮೆಟ್ಟಿಲು ಎತ್ತರ. ವೀಲ್‌ಚೇರಿನಲ್ಲಿರುವವರಿಗೆ ಕೂಗು ಸ್ಪಷ್ಟವಾಗಿ ಕೇಳುತ್ತದೆ, ಬಸ್ಸು ಮಾತ್ರ ಸಿಗುವುದಿಲ್ಲ. ಗ್ರಹಿಸಲು ಆಗುವುದು ಬೇರೆ, ಬಳಸಲು ಆಗುವುದು ಬೇರೆ.

ತಪ್ಪಾದಾಗ ಏನು ಹೇಳುತ್ತೇವೆ ಎಂಬುದರಲ್ಲಿ ವಿನ್ಯಾಸಕರ ಗುಣ ಗೊತ್ತಾಗುತ್ತದೆ ಎಂದು ನನ್ನ ನಂಬಿಕೆ. ಅರ್ಜಿ ತುಂಬಿ ಸಲ್ಲಿಸಿದಾಗ ಒಂದು ಚೌಕ ಕೆಂಪಾಗಿ 'ಅಮಾನ್ಯ ನಮೂದು' ಎಂದು ಬಂದರೆ, ಕೆಂಪು-ಹಸಿರು ಗುರುತಿಸಲಾಗದವರಿಗೆ ಆ ಕೆಂಪು ಇಲ್ಲ, ಉಳಿದವರಿಗೆ ಆ ಮಾತು ಅರ್ಥವಿಲ್ಲ. 'ಮೊಬೈಲ್ ನಂಬರಿನಲ್ಲಿ 9 ಅಂಕೆ ಇದೆ, 10 ಬೇಕು' ಎಂದರೆ ಮುಗಿಯಿತು. ಅಂದು ಮಾವನ ಕೆಲಸ ಕೊನೆಗೆ ಕೆಟ್ಟದ್ದೂ ಇಂಥ ಒಂದು ಜಾಗದಲ್ಲಿ. ನನ್ನ ಸಹಾಯದಿಂದ ದಿನಾಂಕ ಆರಿಸಿ, ಹೆಸರು, ವಯಸ್ಸು, ನಂಬರು ಎಲ್ಲ ತಾವೇ ತುಂಬಿದರು. ಒಟಿಪಿ ಬಂತು. ಅದನ್ನು ಕೇಳಲು ಮೆಸೇಜಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಪುಟ ಹೊಸದಾಗಿ ತೆರೆದುಕೊಂಡು ತುಂಬಿದ್ದೆಲ್ಲ ಮಾಯ. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬಾರದು ಎಂಬುದು ಈಗ ಜಾಗತಿಕ ನಿಯಮಾವಳಿಯಲ್ಲೇ ಸೇರಿದೆ. ಮಾವ ಫೋನನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಿಸಿಲು, ಮಳೆ, ಒದ್ದೆ ಕೈ

ಇದೆಲ್ಲ ಕೆಲವೇ ಜನರಿಗಾಗಿ ಎಂದು ಅಂದುಕೊಳ್ಳುವವರು ಹನ್ನೊಂದು ಗಂಟೆಯ ಬಿಸಿಲಿಗೆ ಮಲ್ಪೆಯ ದಾರಿಬದಿಯಲ್ಲಿ ಮೀನು ಮಾರುವವರ ಪಕ್ಕ ನಿಂತು ಫೋನ್ ತೆರೆದು ನೋಡಬೇಕು. ಬಿಳಿಯ ಮೇಲೆ ತಿಳಿಬೂದು ಅಕ್ಷರ ಅಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅಳೆಯುವ ಲೆಕ್ಕವಿದೆ. ಅಪ್ಪಟ ಬಿಳಿಯ ಮೇಲೆ ಅಪ್ಪಟ ಕಪ್ಪು 21ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ನಮ್ಮ ಕ್ಷೇತ್ರದಲ್ಲಿ ಬಹಳ ಓಡುವ 999999 ಎಂಬ ಸಂಕೇತದ ಬೂದು ಬಣ್ಣ ಬಿಳಿಯ ಮೇಲೆ 2.85 ಮಾತ್ರ. ಸ್ವಲ್ಪ ಗಾಢ ಮಾಡಿ 767676ಕ್ಕೆ ಬಂದರೆ 4.54, ಪಾಸ್. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅಳೆಯಬೇಕು.

ಜೂನ್ ತಿಂಗಳಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್ ಹಿಡಿದು ಹೆಬ್ಬೆರಳಿಂದ ಚಿಕ್ಕ ಗುಂಡಿ ಒತ್ತಲು ಒದ್ದಾಡಿದವರಿಗೆ ಕೈ ನಡುಗುವವರ ಕಷ್ಟದ ಒಂದು ತುಣುಕು ಗೊತ್ತಾಗಿರುತ್ತದೆ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಲಿ, ಇಲ್ಲವೇ ಸುತ್ತ ಅಷ್ಟು ಬಿಡುವು ಇರಲಿ ಎನ್ನುತ್ತದೆ ನಿಯಮ. 44 ಇದ್ದರೆ ಉತ್ತಮ. ಅಂಗಡಿಗಳ ಕ್ಯೂಆರ್ ಕೋಡಿನ ಪಕ್ಕ ಕೂತು ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ನನಗೆ ಬಹಳ ಇಷ್ಟದ ವಸ್ತು. ಮೀನು ಮುಟ್ಟಿದ ಕೈಯಲ್ಲಿ ಫೋನ್ ಮುಟ್ಟಬೇಕಿಲ್ಲ, ಓದಬೇಕಿಲ್ಲ, ನೋಡಬೇಕಿಲ್ಲ. ಕಣ್ಣು ಕಾಣದ ವ್ಯಾಪಾರಿಗೂ ಕಾಣುವ ವ್ಯಾಪಾರಿಗೂ ಅದು ಒಂದೇ ಥರ ಕೆಲಸಕ್ಕೆ ಬರುತ್ತದೆ.

ಮೇಲೆ ಹೇಳಿದ ಅಂಕಿಗಳೆಲ್ಲ ಬಂದಿರುವುದು ಡಬ್ಲ್ಯುಸಿಎಜಿ ಎಂಬ ನಿಯಮಾವಳಿಯಿಂದ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಅದನ್ನು ಮೊದಲು ಹೊರತಂದದ್ದು 1999ರಲ್ಲಿ; 2008ರಲ್ಲಿ 2.0, 2018ರಲ್ಲಿ 2.1, 2023ರ ಅಕ್ಟೋಬರಿನಲ್ಲಿ 2.2 ಬಂತು. ಅದರ ತಿರುಳು ನಾಲ್ಕು ಮಾತು: ಗ್ರಹಿಸಲು ಆಗಬೇಕು, ಬಳಸಲು ಆಗಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು. ಎ, ಎಎ, ಎಎಎ ಎಂದು ಮೂರು ಹಂತ. ಸಾಮಾನ್ಯವಾಗಿ ಎಲ್ಲರೂ ಗುರಿ ಇಡುವುದು ನಡುವಿನದಕ್ಕೆ.

ನಮ್ಮ ದೇಶದಲ್ಲಿ ಇದು ಬರೀ ಸೌಜನ್ಯದ ಮಾತಾಗಿ ಉಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಎಲೆಕ್ಟ್ರಾನಿಕ್ ಮಾಧ್ಯಮದ ಮಾಹಿತಿಯೂ ಅವರಿಗೆ ಸಿಗಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕು, ಸಿಮ್‌ಗಳಿಗೆ ಕೆವೈಸಿ ಮಾಡುವಾಗ 'ಕಣ್ಣು ಮಿಟುಕಿಸಿ' ಎಂದು ಕೇಳುತ್ತಾರಲ್ಲ, ಆ್ಯಸಿಡ್ ದಾಳಿಯಿಂದ ರೆಪ್ಪೆ ಕಳೆದುಕೊಂಡವರು ಏನು ಮಾಡಬೇಕು? ಕಣ್ಣೇ ಕಾಣದವರು? ಅವರು ಹಾಕಿದ ಅರ್ಜಿಗಳ ಮೇಲೆ ತೀರ್ಪು ಕೊಟ್ಟ ನ್ಯಾಯಾಲಯ, ಡಿಜಿಟಲ್ ಸೇವೆ ನಿಲುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು.

ಕೆಲವು ಸಂಸ್ಥೆಗಳು ಇದಕ್ಕೆ ಕಂಡುಕೊಳ್ಳುವ ದಾರಿ 'ವಿಕಲಚೇತನರಿಗಾಗಿ ಪ್ರತ್ಯೇಕ ಆವೃತ್ತಿ'. ನನಗೆ ಇದು ಒಪ್ಪಿಗೆ ಇಲ್ಲ. ಉಡುಪಿಯ ಸೀಮೆಯಲ್ಲಿ ಕನಕನ ಕಿಂಡಿಯ ಕಥೆ ಯಾರಿಗೂ ಹೇಳಬೇಕಿಲ್ಲ. ಒಳಗೆ ಬಿಡದೆ ಹೊರಗೆ ನಿಲ್ಲಿಸಿದ ಕನಕದಾಸರ ಕಡೆಗೆ ಕೃಷ್ಣನೇ ತಿರುಗಿ, ಗೋಡೆ ಬಿರಿಯಿತು ಎಂಬ ಪ್ರತೀತಿ. ಭಕ್ತಿಯ ಕಥೆಯಾಗಿ ಅದು ನನ್ನ ಕಣ್ಣು ತುಂಬಿಸುತ್ತದೆ. ಆದರೆ ಕಟ್ಟುವ ಕೆಲಸದಲ್ಲಿರುವ ನಾವು ಹೊರಗೆ ನಿಂತವರಿಗೆ ಒಂದು ಕಿಂಡಿ ಕೊರೆದು ಸಮಾಧಾನಪಟ್ಟುಕೊಳ್ಳಬಾರದು. ಪ್ರತ್ಯೇಕ ಆವೃತ್ತಿಗೆ ಹೊಸ ಮಾಹಿತಿ ಸೇರಿಸುವುದನ್ನು ಆರು ತಿಂಗಳಲ್ಲಿ ಮರೆಯುತ್ತಾರೆ, ಹಳೆಯ ಡಾಕ್ಟರ ಹೆಸರು ಅಲ್ಲೇ ಉಳಿಯುತ್ತದೆ. ಇವತ್ತು ಮಠದ ಒಳಗೆ ಹೋದವರೂ ಕೃಷ್ಣನನ್ನು ನೋಡುವುದು ನವಗ್ರಹ ಕಿಂಡಿಯಿಂದಲೇ, ಎಲ್ಲರಿಗೂ ಅದೊಂದೇ ದರ್ಶನ. ವೆಬ್‌ಸೈಟೂ ಹಾಗೆ ಒಂದೇ ಇರಲಿ.

ನಿಮ್ಮದೇ ಸೈಟ್ ಇದ್ದರೆ ಇವತ್ತು ಸಂಜೆಯೇ ನೋಡಬಹುದು. ಮೌಸನ್ನು ಬದಿಗಿಟ್ಟು ಟ್ಯಾಬ್, ಎಂಟರ್ ಕೀಲಿಗಳಿಂದಲೇ ಪೂರ್ತಿ ಕೆಲಸ ಮುಗಿಸಿ. ಈಗ ಎಲ್ಲಿದ್ದೀರಿ ಎಂದು ಪರದೆಯಲ್ಲಿ ಗುರುತು ಕಾಣುತ್ತದೆಯೇ ಗಮನಿಸಿ. ಪುಟವನ್ನು 200 ಶೇಕಡಾಕ್ಕೆ ಹಿಗ್ಗಿಸಿ, ಏನಾದರೂ ಮುಚ್ಚಿಹೋಯಿತೇ ನೋಡಿ. ಆಮೇಲೆ ಟಾಕ್‌ಬ್ಯಾಕ್ ಹಾಕಿ ಕಣ್ಣು ಮುಚ್ಚಿಕೊಳ್ಳಿ. ತಾನಾಗಿ ತಪ್ಪು ಹುಡುಕುವ ಉಪಕರಣಗಳಿವೆ, ಬಳಸಿ, ಆದರೆ ಅವು ಆಲ್ಟ್ ಪಠ್ಯ ಇದೆಯೇ ಎಂದು ಹೇಳುತ್ತವೆ, ಸರಿ ಇದೆಯೇ ಎಂದು ಅವಕ್ಕೆ ತಿಳಿಯದು. ಅದಕ್ಕೆ ಮನುಷ್ಯರೇ ಬೇಕು. ದಿನಾ ಹೀಗೆಯೇ ಫೋನ್ ಬಳಸುವ ಒಬ್ಬರ ಪಕ್ಕ ಕೂತು, ಬಾಯಿ ಹಾಕದೆ, ಅವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ. ಆ ಸಮಯಕ್ಕೆ ಅವರಿಗೆ ಸಂಭಾವನೆ ಕೊಡಿ.

ಆ ಸಂಜೆ ಮಾವ ಹೇಳುತ್ತಾ ಹೋದರು, ನಾನು ಬರೆದುಕೊಂಡೆ: ಪುಟದ ವಿಳಾಸ, ಫೋನಿನ ಮಾದರಿ, ಎಷ್ಟನೇ ಬಟನ್, ಅದು ಏನೆಂದು ಹೇಳಿತು, ಏನೆಂದು ಹೇಳಬೇಕಿತ್ತು. ಹನ್ನೊಂದು ಸಾಲು. ಆಸ್ಪತ್ರೆಗೆ ಮಿಂಚಂಚೆ ಕಳಿಸಿದೆವು. ಎರಡು ತಿಂಗಳ ನಂತರ ಮಾವನೇ ಫೋನ್ ಮಾಡಿದರು. ತಿಂಗಳು ಬದಲಿಸುವ ಎರಡು ಬಟನಿಗೂ, ಡಾಕ್ಟರ ಪಟ್ಟಿಗೂ ಹೆಸರು ಬಂದಿದೆ, ಒಟಿಪಿಯ ಹತ್ತಿರ ಮಾತ್ರ ಪುಟ ಇನ್ನೂ ಖಾಲಿಯಾಗುತ್ತದೆ ಎಂದರು. 'ನಾಳೆ ಕೂತು ಇನ್ನೊಂದು ಪಟ್ಟಿ ಬರೆಯುವ, ಆಯ್ತಾ?' ಎಂದರು.